ಎಐ ಬರೆದ ‘ವಚನ’ ಅಕ್ಕನದಲ್ಲ: ಮಕ್ಕಳಿಗೆ ಹೇಗೆ ತಿಳಿಸಲಿ?

ಹಾಸನದ ಕನ್ನಡ ಟೀಚರ್:
ಒಂಬತ್ತನೇ ತರಗತಿಗೆ ಅಕ್ಕಮಹಾದೇವಿ ಬಗ್ಗೆ ಎರಡು ಪುಟ ಬರೆದು ತನ್ನಿ ಅಂದಿದ್ದೆ. ಒಬ್ಬಳು ಮುತ್ತಿನಂಥ ಅಕ್ಷರದಲ್ಲಿ ಬರೆದು ತಂದಳು. ನಡುವೆ ಒಂದು ವಚನ: ‘ಹೆಣ್ಣೆಂದು ಜರಿವ ಸಮಾಜಕ್ಕೆ ಸಮಾನತೆಯ ದೀಪ ಹಚ್ಚಯ್ಯಾ ಚೆನ್ನಮಲ್ಲಿಕಾರ್ಜುನಾ.’

ಅಂಕಿತ ಸರಿ ಇದೆ. ಮಾತು ಮಾತ್ರ 12ನೇ ಶತಮಾನದ್ದಲ್ಲ, ಈಗಿನ ಭಾಷಣದ್ದು. ಕೇಳಿದರೆ, ‘ಅಪ್ಪನ ಫೋನಲ್ಲಿ ಎಐ ಕೊಟ್ಟಿದ್ದು ಮಿಸ್’ ಅಂದಳು. ಅವಳು ಮೋಸ ಮಾಡಿಲ್ಲ, ನಂಬಿದ್ದಾಳೆ. ಬೈಯೋಕೆ ಮನಸ್ಸು ಬರಲಿಲ್ಲ. ಬಳಸಲೇಬೇಡಿ ಅಂದರೆ ಕದ್ದು ಬಳಸುತ್ತಾರೆ. ಅದು ಕೊಟ್ಟಿದ್ದನ್ನು ಒರೆಗೆ ಹಚ್ಚುವ ಅಭ್ಯಾಸ ಹೇಗೆ ಮಾಡಿಸಲಿ?

ಕೋಡ್ ಬರೆಯುವ ಅಪ್ಪ:
ಮೇಡಂ, ಅದು ಎಷ್ಟೋ ಸಲ ಯಾವ ಪುಸ್ತಕವನ್ನೂ ನೋಡಿ ಹೇಳುವುದಿಲ್ಲ. ಈ ಪದದ ಮುಂದೆ ಯಾವ ಪದ ಹೊಂದುತ್ತದೆ ಅಂತ ಜೋಡಿಸುತ್ತಾ ಹೋಗುತ್ತದೆ. ಅಕ್ಕ ಅಂದರೆ ಕೊನೆಗೆ ಚೆನ್ನಮಲ್ಲಿಕಾರ್ಜುನ, ಅಲ್ವಾ? ಅಷ್ಟು ಹೊಂದಿಸಿದೆ. ‘ಇದು ನಿಜವಾ?’ ಅಂತ ಅದನ್ನೇ ಕೇಳಬೇಡಿ, ಹೌದು ಅಂದುಬಿಡಬಹುದು. ಹೊರಗೆ ಹುಡುಕಿಸಿ.

ಹಳೇ ಲೈಬ್ರೇರಿಯನ್:
‘ವಚನ ಸಂಚಯ’ ಜಾಲತಾಣದಲ್ಲಿ ಸುಮಾರು 20 ಸಾವಿರ ವಚನಗಳಿವೆ. ಪದ ಹಾಕಿ ಹುಡುಕಬಹುದು, ದುಡ್ಡಿಲ್ಲ. ಆದರೆ ಪಾಠಾಂತರ ಇರುತ್ತವೆ. ಅಲ್ಲಮನ ಅಂಕಿತ ಗುಹೇಶ್ವರ ಕೆಲವು ಕಡೆ ಗೊಹೇಶ್ವರ ಅಂತಿರುತ್ತದೆ. ಒಂದು ಪದ ಸಿಗಲಿಲ್ಲ ಅಂತ ತೀರ್ಮಾನಕ್ಕೆ ಬರಬೇಡಿ, ಇನ್ನೆರಡು ಹಾಕಿ ನೋಡಿ.

ತುಮಕೂರಿನ ಮೇಷ್ಟ್ರು:
ನಾವೂ ನೆಟ್ಟಗಿರಬೇಕು. ನಮ್ಮ ಸ್ಟಾಫ್ ರೂಮಿನಲ್ಲೇ ಮಕ್ಕಳ ಹೆಸರು, ಅಂಕ ಎಲ್ಲ ಎಐಗೆ ಹಾಕಿ ಷರಾ ಬರೆಸುತ್ತಾರೆ. ಅದು ತಪ್ಪು. ಆ ವಿವರ ಮಕ್ಕಳದ್ದು.

ಹಾಸನದ ಕನ್ನಡ ಟೀಚರ್:
ಇವತ್ತು ಮಾಡಿ ನೋಡಿದೆ. ಅವಳನ್ನು ಮೊದಲೇ ಕೇಳಿಕೊಂಡು, ಹೆಸರು ಎತ್ತದೆ, ಬೋರ್ಡಿನ ಮೇಲೆ ಎರಡು ವಚನ ಬರೆದೆ. ಒಂದು ಅಕ್ಕನದು, ಇನ್ನೊಂದು ಎಐ ಕೊಟ್ಟಿದ್ದು. ಅಕ್ಕನದು ಯಾವುದು ಅಂತ ಕೇಳಿದೆ. ಅರ್ಧ ತರಗತಿ ಎಐ ವಚನಕ್ಕೇ ಕೈ ಎತ್ತಿತು! ಆಮೇಲೆ ನನ್ನ ಫೋನಿನಲ್ಲಿ ಒಂದೊಂದೇ ಪದ ಹುಡುಕಿಸಿದೆ. ಅಕ್ಕನ ವಚನ ಥಟ್ಟನೆ ಸಿಕ್ಕಿತು. ಇನ್ನೊಂದಕ್ಕೆ ಪದ ಬದಲಿಸಿ ಬದಲಿಸಿ ನೋಡಿದರು, ಆ ಸಾಲು ಎಲ್ಲೂ ಇಲ್ಲ. ಬೆಲ್ ಹೊಡೆದ ಮೇಲೂ ಅವಳು ಹೋಗಲಿಲ್ಲ. ‘ಮಿಸ್, ನಾನು ಬರೆದ ಇನ್ನೊಂದು ವಚನಾನೂ ನೋಡೋಣ’ ಅಂತ ನೋಟ್‌ಬುಕ್ ತೆರೆದಳು.