ಶೆಲ್ ಅಪ್‌ಗ್ರೇಡ್ ತೊಂದರೆಗಳು: ಗುಂಪಿನ ಪ್ರಶ್ನೋತ್ತರ

ಗುಂಪಿನ ಅಡ್ಮಿನ್: ಇವತ್ತು ಸಂಜೆ ಸರ್ವರ್ ನೋಡಿಕೊಳ್ಳುವ ಮೇಡಂ ಶೆಲ್ (ನಾವು ಟೈಪ್ ಮಾಡಿದ ಕಮ್ಯಾಂಡ್ ಓಡಿಸೋ ಪ್ರೋಗ್ರಾಂ; ಬ್ಯಾಶ್, ಝಡ್‌ಶೆಲ್, ಫಿಶ್ ಇತ್ಯಾದಿ) ಅಪ್‌ಗ್ರೇಡ್ ಬಗ್ಗೆ ಉತ್ತರ ಕೊಡ್ತಾರೆ. ಯಾವ ಓಎಸ್, ಯಾವ ವರ್ಷನ್ ಅಂತ ಬರೆದು ಕೇಳಿ.

ಬೆಂಗಳೂರು: ಮೇಡಂ, ಮ್ಯಾಕ್‌ನಲ್ಲಿ ಹೋಮ್‌ಬ್ರೂ (ಸಾಫ್ಟ್‌ವೇರ್ ಹಾಕೋ ಟೂಲ್) ಮೂಲಕ ಬ್ಯಾಶ್ 5.2 ಹಾಕಿದೆ. ವರ್ಷನ್ ಕೇಳಿದ್ರೆ ಇನ್ನೂ 3.2.57 ಅನ್ನುತ್ತೆ. ಇನ್‌ಸ್ಟಾಲ್ ಆಗಿಲ್ವಾ?

ಮೇಡಂ: ಆಗಿದೆ. ನೀವು ನೋಡ್ತಿರೋದು ಆಪಲ್ ಕೊಟ್ಟ ಹಳೇ ಬ್ಯಾಶ್. 4.0ರಿಂದ ಬ್ಯಾಶ್‌ನ ಲೈಸೆನ್ಸ್ ಜಿಪಿಎಲ್ 3 ಆಯ್ತು, ಆಪಲ್ 3.2ರಲ್ಲೇ ನಿಂತುಬಿಡ್ತು. 2019ರ ಮ್ಯಾಕ್‌ಓಎಸ್ ಕ್ಯಾಟಲಿನಾದಿಂದ ಡೀಫಾಲ್ಟ್ ಶೆಲ್ಲೇ ಝಡ್‌ಶೆಲ್. ಹೋಮ್‌ಬ್ರೂ ಬ್ಯಾಶ್ ಎಂ1, ಎಂ2 ಮ್ಯಾಕ್‌ನಲ್ಲಿ /ಆಪ್ಟ್/ಹೋಮ್‌ಬ್ರೂ/ಬಿನ್ ಒಳಗೆ ಇರುತ್ತೆ, ಇಂಟೆಲ್ ಮ್ಯಾಕ್‌ನಲ್ಲಿ /ಯುಎಸ್‌ಆರ್/ಲೋಕಲ್/ಬಿನ್ ಒಳಗೆ. ಪಾತ್‌ನಲ್ಲಿ (ಕಮ್ಯಾಂಡ್ ಹುಡುಕೋ ಫೋಲ್ಡರ್‌ಗಳ ಪಟ್ಟಿ) ಆ ಫೋಲ್ಡರ್ ಮೊದಲು ಬರಲಿ. ಅದನ್ನೇ ಲಾಗಿನ್ ಶೆಲ್ (ಲಾಗಿನ್ ಆದಾಗ ತಾನಾಗಿ ತೆರೆಯೋದು) ಮಾಡೋದಾದ್ರೆ ಹೊಸ ಬ್ಯಾಶ್‌ನ ಪೂರ್ತಿ ವಿಳಾಸವನ್ನು /ಇಟಿಸಿ/ಶೆಲ್ಸ್ ಫೈಲಿಗೆ ಸೇರಿಸಿ, ಆಮೇಲೆ ಶೆಲ್ ಬದಲಾಯಿಸೋ ಸಿಎಚ್‌ಎಸ್‌ಎಚ್ ಕಮ್ಯಾಂಡ್ ಕೊಡಿ.

ಶಿವಮೊಗ್ಗ: ಫಿಶ್ ಶೆಲ್‌ಗೆ ಬದಲಾದೆ. ಬ್ಯಾಶ್‌ಆರ್‌ಸಿಯಲ್ಲಿದ್ದ (ಬ್ಯಾಶ್ ಸೆಟ್ಟಿಂಗ್ ಫೈಲ್) ಏಲಿಯಾಸ್‌ಗಳನ್ನು, ಅಂದ್ರೆ ಕಮ್ಯಾಂಡ್‌ಗಳ ಚಿಕ್ಕ ಹೆಸರುಗಳನ್ನು, ಹೇಗೆ ತರೋದು?

ಹಾಸನ: ಮೇಡಂ ಅರ್ಜೆಂಟು. ಕಾಲೇಜು ಲ್ಯಾಬ್ ಸರ್ವರ್, ಉಬುಂಟು 22.04. ಬ್ಯಾಶ್ 5.2 ಅನ್ನು ನನ್ನ ಹೋಮ್ ಫೋಲ್ಡರಿನಲ್ಲೇ ಕಂಪೈಲ್ ಮಾಡಿ, ಯೂಸರ್‌ಮಾಡ್ ಕಮ್ಯಾಂಡ್ ಕೊಟ್ಟು ಅದನ್ನೇ ಲಾಗಿನ್ ಶೆಲ್ ಮಾಡಿದ್ದೆ. ಡಿಸ್ಕ್ ತುಂಬಿತು ಅಂತ ಆ ಬ್ಯಾಶ್ ಇದ್ದ ಫೋಲ್ಡರ್ ಅಳಿಸಿದೆ. ಈಗ ಪಾಸ್‌ವರ್ಡ್ ಸರಿ ಇದ್ರೂ ಪರ್ಮಿಷನ್ ಡಿನೈಡ್. ನಾಳೆ ಪ್ರಾಕ್ಟಿಕಲ್ ಪರೀಕ್ಷೆ. ಇನ್ನೊಂದು ಲ್ಯಾಪ್‌ಟಾಪಿನಲ್ಲಿ ಹಳೇ ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ವಿಂಡೋ ಒಂದು ತೆರೆದೇ ಇದೆ. ಸರ್ವರ್ ರೀಸ್ಟಾರ್ಟ್ ಮಾಡಲಾ?

ಮೇಡಂ: ಬೇಡ! ಆ ವಿಂಡೋ ಮುಚ್ಚಬೇಡಿ. ಲ್ಯಾಪ್‌ಟಾಪಿಗೆ ಚಾರ್ಜರ್ ಹಾಕಿ, ಸ್ಲೀಪ್‌ಗೆ ಹೋಗಲು ಬಿಡಬೇಡಿ. ಮಾಡಿ ಬಂದು ಮುಂದಿನದು ಓದಿ.

ಪಾಸ್‌ವರ್ಡಿಗೂ ಇದಕ್ಕೂ ಸಂಬಂಧ ಇಲ್ಲ. /ಇಟಿಸಿ/ಪಾಸ್‌ಡಬ್ಲ್ಯೂಡಿ ಫೈಲಿನಲ್ಲಿ ನಿಮ್ಮ ಸಾಲಿನ ಕೊನೆಗೆ ಬರೆದಿರೋ ಶೆಲ್ ಡಿಸ್ಕಿನಲ್ಲಿ ಇದೆಯಾ ಅಂತ ಎಸ್‌ಎಸ್‌ಎಚ್ ಸರ್ವರ್ ಮೊದಲೇ ನೋಡುತ್ತೆ. ಇಲ್ಲ ಅಂದ್ರೆ ಸರಿಯಾದ ಪಾಸ್‌ವರ್ಡನ್ನೂ ಒಪ್ಪಲ್ಲ. ಕಾರಣ ನಿಮಗೆ ಹೇಳಲ್ಲ, ಸರ್ವರ್‌ನ ಆಥ್ ಲಾಗ್‌ನಲ್ಲಿ ಮಾತ್ರ ಬರೆದಿಡುತ್ತೆ. ಎಸ್‌ಎಫ್‌ಟಿಪಿ (ಎಸ್‌ಎಸ್‌ಎಚ್ ಮೂಲಕ ಫೈಲ್ ಕಳಿಸೋದು) ಟ್ರೈ ಮಾಡಿದ್ರೂ ಇದೇ ಗತಿ. ಹಳೇ ವಿಂಡೋ ಇನ್ನೂ ಓಡ್ತಿದೆ, ಯಾಕಂದ್ರೆ ಫೈಲ್ ಅಳಿಸಿದ್ರೂ ಅದನ್ನು ಹಿಡಿದಿರೋ ಪ್ರೊಸೆಸ್ ಮುಗಿಯೋ ತನಕ ಲಿನಕ್ಸ್ ಆ ಡೇಟಾ ಬಿಡಲ್ಲ. ರೀಸ್ಟಾರ್ಟ್ ಮಾಡಿದ್ರೆ ಅದೂ ಹೋಯ್ತು. ನಿಮಗೆ ಸುಡೊ (ರೂಟ್, ಅಂದ್ರೆ ಸರ್ವರ್ ಅಡ್ಮಿನ್ ಆಗಿ ಕಮ್ಯಾಂಡ್ ಓಡಿಸೋ ಅಧಿಕಾರ) ಇದೆಯಾ?

ಹಾಸನ: ಇದೆ ಮೇಡಂ. ಆ ವಿಂಡೋದಲ್ಲೇ ಸಿಎಚ್‌ಎಸ್‌ಎಚ್ ಕೊಟ್ಟೆ. ಪ್ಯಾಮ್ ಆಥೆಂಟಿಕೇಷನ್ ಫೇಲ್ಯೂರ್ ಅಂತು.

ಧಾರವಾಡ: ಇದನ್ನ ಹಾಕಿ ನೋಡ್ರಿ, ಎಲ್ಲಾ ಪರ್ಮಿಷನ್ ಸಮಸ್ಯೆಗೂ ಒಂದೇ ಮದ್ದು ಅಂತ ಬಂದದ. (ಫಾರ್ವರ್ಡ್) ಸುಡೊ ಸಿಎಚ್‌ಮಾಡ್ -ಆರ್ 777 /ಯುಎಸ್‌ಆರ್

ಮೇಡಂ: ಹಾಸನದವರೇ, ಆ ಫಾರ್ವರ್ಡ್ ಮುಟ್ಟಬೇಡಿ. 777 (ಎಲ್ಲರಿಗೂ ಎಲ್ಲಾ ಅನುಮತಿ) ಕೊಟ್ಟ ಕ್ಷಣ ಸುಡೊ ಫೈಲಿನ ಸೆಟ್‌ಯುಐಡಿ ಬಿಟ್ (ರೂಟ್ ಆಗಿ ಓಡೋಕೆ ಬಿಡೋ ಗುರುತು) ಹೋಗುತ್ತೆ, ಸುಡೊನೇ ಕೆಲಸ ನಿಲ್ಲಿಸುತ್ತೆ. ನಿಮ್ಮ ಹತ್ತಿರ ಉಳಿದಿರೋದು ಅದೊಂದೇ ದಾರಿ.

ಸಿಎಚ್‌ಎಸ್‌ಎಚ್ ಬೇಡ ಅನ್ನೋದಕ್ಕೆ ಕಾರಣ ಇದೆ. ಉಬುಂಟುವಿನಲ್ಲಿ ನಿಮ್ಮ ಈಗಿನ ಶೆಲ್ /ಇಟಿಸಿ/ಶೆಲ್ಸ್ ಪಟ್ಟಿಯಲ್ಲಿ ಇಲ್ಲದಿದ್ರೆ ಅದು ಬದಲಾಯಿಸೋಕೂ ಬಿಡಲ್ಲ. ರೂಟ್ ಆಗಿ ಮಾಡಿ: ಸುಡೊ ಯೂಸರ್‌ಮಾಡ್ -ಎಸ್ /ಬಿನ್/ಬ್ಯಾಶ್, ಮುಂದೆ ನಿಮ್ಮ ಯೂಸರ್ ಹೆಸರು. ಆಮೇಲೂ ವಿಂಡೋ ಮುಚ್ಚಬೇಡಿ. ಬೇರೆ ವಿಂಡೋದಿಂದ ಹೊಸದಾಗಿ ಲಾಗಿನ್ ಆಗಿ, ಒಳಗೆ ಬಂದಮೇಲೆ ಮುಚ್ಚಿ.

ಧಾರವಾಡ: ನನ್ನ ಮಶೀನಿನ್ಯಾಗ ನಡದದ ರೀ 777. ಸುಮ್ನ ಹೆದರಸಬ್ಯಾಡ್ರಿ.

ಮಂಗಳೂರು: ನಿಮ್ಮಲ್ಲಿ ನಡೆದಿದ್ದರೆ ಅದು ಬೇರೆ ಫೋಲ್ಡರ್ ಇರಬೇಕು. ಓದದೆ ಫಾರ್ವರ್ಡ್ ಮಾಡುವುದು ಯಾಕೆ?

ಧಾರವಾಡ: ನೀವೇನು ಮಾಸ್ತರ? ಮೇಡಂ ಜೊತಿ ಮಾತಾಡಕತ್ತೀನಿ.

ತುಮಕೂರು: ಬ್ಯಾಶ್ ಬಿಟ್ಟು ಝಡ್‌ಶೆಲ್ ಹಾಕ್ಕೊಂಡ್ರೆ ಈ ಗೋಳೇ ಇರಲ್ಲ.

ಮಂಗಳೂರು: ಶೆಲ್ ಯಾವುದಾದರೂ ಫೈಲ್ ಅಳಿಸಿದರೆ ಹೀಗೇ ಆಗುವುದು. ಪ್ರಶ್ನೆ ಓದಿ ಮಾರಾಯ್ರೆ.

ತುಮಕೂರು: ಓದಿದೀನಿ. ನಿಮಗೆ ಎಲ್ಲರ ಮೇಲೂ ಸಿಟ್ಟು.

ಬೆಂಗಳೂರು 2: ಮೇಡಂ, ಮ್ಯಾಕ್‌ನಲ್ಲಿ ಹೊಸ ಬ್ಯಾಶ್ ಹಾಕಿದ್ರೂ 3.2 ತೋರಿಸುತ್ತೆ, ಯಾಕೆ?

ಮೇಡಂ: ಮೊದಲ ಉತ್ತರ ಓದಿ.

ಬಳ್ಳಾರಿ: ವಿಂಡೋಸ್‌ನಲ್ಲಿ ಪವರ್‌ಶೆಲ್ 7 ಹಾಕಿದೆ, ತೆರೆದ್ರೆ 5.1 ಬರುತ್ತೆ.

ಮೇಡಂ: ಎರಡೂ ಪಕ್ಕಪಕ್ಕ ಇರುತ್ತವೆ. 7ರ ಕಮ್ಯಾಂಡ್ ಪಿಡಬ್ಲ್ಯೂಎಸ್‌ಎಚ್. ಪ್ರೊಫೈಲ್ ಫೈಲೂ ಬೇರೆ.

ಉಡುಪಿ: ಮ್ಯಾಕ್‌ನಲ್ಲಿ ಝಡ್‌ಶೆಲ್ ತೆರೆದಾಗ ಕಾಂಪ್‌ಇನಿಟ್, ಇನ್‌ಸೆಕ್ಯೂರ್ ಡೈರೆಕ್ಟರೀಸ್ ಅಂತ ಬರ್ತದೆ. ಇದಕ್ಕೆ ಆ 777 ಆದೀತಾ?

ಮೇಡಂ: ಆಗಲ್ಲ! ಬೇರೆಯವರೂ ಬರೆಯಬಹುದಾದ ಫೋಲ್ಡರ್ ಇದೆ ಅಂತಲೇ ಆ ಎಚ್ಚರಿಕೆ. 777 ಕೊಟ್ರೆ ಎಲ್ಲರಿಗೂ ಬರೆಯೋಕೆ ಬಿಟ್ಟ ಹಾಗೆ. ಕಾಂಪ್‌ಆಡಿಟ್ ಕಮ್ಯಾಂಡ್ ಕೊಡಿ, ಅದು ತೋರಿಸಿದ ಫೋಲ್ಡರ್‌ಗಳಿಗೆ ಮಾತ್ರ ಸಿಎಚ್‌ಮಾಡ್ ಜಿಒ-ಡಬ್ಲ್ಯೂ ಕೊಡಿ, ಬೇರೆಯವರು ಬರೆಯೋ ಅನುಮತಿ ಹೋಗುತ್ತೆ. ಅಡ್ಮಿನ್, ಆ ಫಾರ್ವರ್ಡ್ ತೆಗೀರಿ. ಎಚ್ಚರಿಕೆ ಬರೆದ ಮೇಲೂ ಅದನ್ನೇ ಹಾಕಲಾ ಅಂತ ಕೇಳ್ತಿದ್ದಾರೆ.

ಧಾರವಾಡ: ತಗೀರಿ. ಇನ್ನು ಮ್ಯಾಲೆ ಏನೂ ಹಾಕಂಗಿಲ್ಲ ನಾ.

ಹಾಸನ: ಹೊಸ ವಿಂಡೋದಿಂದ ಲಾಗಿನ್ ಆಯ್ತು ಮೇಡಂ! ತುಂಬಾ ಉಪಕಾರ. ಮತ್ತೆ 5.2 ಬೇಕಾದ್ರೆ?

ಮೇಡಂ: ಪರೀಕ್ಷೆ ಮುಗಿಯೋವರೆಗೆ ಅದನ್ನು ಮುಟ್ಟಬೇಡಿ. 22.04ರಲ್ಲಿ 5.1 ಇದೆ, ಲ್ಯಾಬಿಗೆ ಸಾಕು. ಆಮೇಲೂ ಬೇಕೇ ಅಂದ್ರೆ /ಯುಎಸ್‌ಆರ್/ಲೋಕಲ್ ಒಳಗೆ ಹಾಕಿ, ಲಾಗಿನ್ ಶೆಲ್ ಬದಲಾಯಿಸದೆ ಕೈಯಾರೆ ಕರೆದು ಬಳಸಿ. ಸುಡೊ ಇರೋ ಎರಡನೇ ಅಕೌಂಟ್ ಒಂದನ್ನು ಇವತ್ತೇ ಮಾಡಿಡಿ.

ಶಿವಮೊಗ್ಗ: ನನ್ನ ಫಿಶ್ ಪ್ರಶ್ನೆ?

ಅಡ್ಮಿನ್: ಮೇಡಂ ಹೊರಟರು. ಫಾರ್ವರ್ಡ್ ತೆಗೆದಿದ್ದೇನೆ. ಜಗಳ ಇಲ್ಲಿಗೆ ಸಾಕು.