ಪದಚರ್ಚೆ: ಅಡ್ಜುವಂಟ್, ಸಿನರ್ಜಿ, ಬಯೋಎನ್‌ಹ್ಯಾನ್ಸರ್ – ಎಲ್ಲಕ್ಕೂ ‘ಪೂರಕ’ವೇ?

ಎಲ್ಲರಿಗೂ ನಮಸ್ಕಾರ.

ಸ್ತನ ಕ್ಯಾನ್ಸರ್‌ಗೆ ಚಿಕಿತ್ಸೆ ತೆಗೆದುಕೊಳ್ಳುತ್ತಿರುವವರಿಗಾಗಿ ಕನ್ನಡದಲ್ಲಿ ಒಂದು ಸಣ್ಣ ಕೈಪಿಡಿ ಬರೆಯುತ್ತಿದ್ದೇವೆ. ಅದರಲ್ಲಿ ಒಂದು ಅಧ್ಯಾಯ ಅರಿಶಿನ, ಕಾಳುಮೆಣಸು ಇಂಥವುಗಳ ಸತ್ವವನ್ನು ಕೀಮೋ ಜೊತೆ ಕೊಟ್ಟು ನೋಡಿದ ಪ್ರಯೋಗಗಳ ಬಗ್ಗೆ. "ಕೀಮೋ ನಡೀತಿರುವಾಗ ಅರಿಶಿನದ ಮಾತ್ರೆ ತಗೋಬಹುದಾ?" ಅಂತ ಬಹಳ ಜನ ಕೇಳ್ತಾರೆ, ಅದಕ್ಕೇ ಈ ಅಧ್ಯಾಯ. ವಿಷಯ ಗೊತ್ತಿದೆ, ಪದಗಳೇ ಕೈಕೊಡುತ್ತಿವೆ. ನಿಮ್ಮ ಸಹಾಯ ಬೇಕು.

ದೊಡ್ಡ ತೊಂದರೆ ‘ಪೂರಕ’ದ್ದು. ಶಸ್ತ್ರಚಿಕಿತ್ಸೆಯಲ್ಲಿ ಗಂಟು ತೆಗೆದ ಮೇಲೆ, ಕಣ್ಣಿಗೆ ಕಾಣದೆ ಉಳಿದಿರಬಹುದಾದ ಕ್ಯಾನ್ಸರ್ ಕೋಶಗಳನ್ನು ಕೊಲ್ಲಲು ಕೊಡುವ ಕೀಮೋಗೆ ವೈದ್ಯರು ಅಡ್ಜುವಂಟ್ ಕೀಮೋಥೆರಪಿ ಅನ್ನುತ್ತಾರೆ. ಕನ್ನಡದಲ್ಲಿ ಇದನ್ನು ‘ಪೂರಕ ಚಿಕಿತ್ಸೆ’ ಅಂತ ಬರೆಯುತ್ತೇವೆ. ಯೋಗ, ಮಸಾಜು ಮುಂತಾದ ಕಾಂಪ್ಲಿಮೆಂಟರಿ ಥೆರಪಿಗಳೂ ‘ಪೂರಕ ಚಿಕಿತ್ಸೆ’. ಅಂಗಡಿಯಲ್ಲಿ ಸಿಗುವ ಸಪ್ಲಿಮೆಂಟು ಮಾತ್ರೆಯೂ ‘ಪೂರಕ’. ಈಗ ಓದುವವರ ಜಾಗದಲ್ಲಿ ನಿಂತು ನೋಡಿ. ಪೂರಕ ಅಂದ್ರೆ ಇದ್ದರೆ ಒಳ್ಳೆಯದು, ಇಲ್ಲದಿದ್ದರೂ ನಡೆಯುತ್ತೆ ಅನ್ನುವ ಅರ್ಥವೇ ಮೊದಲು ಬರೋದು, ಅಲ್ವಾ? ಕ್ಯಾನ್ಸರ್ ಮರಳಿ ಬಾರದಿರಲಿ ಅಂತ ಕೊಡುವ ಕೀಮೋ ಮತ್ತು ಬೇಕಾದರೆ ಬಿಡಬಹುದಾದ ಒಂದು ಮಾತ್ರೆ ಒಂದೇ ಹೆಸರಿನಲ್ಲಿ ನಿಂತರೆ, ಯಾರಾದರೂ ಎರಡನ್ನೂ ಒಂದೇ ತೂಕದಲ್ಲಿ ನೋಡಿ ಕೀಮೋವನ್ನೇ ಅರ್ಧಕ್ಕೆ ಬಿಟ್ಟುಬಿಡಬಹುದು ಅನ್ನೋದೇ ನನ್ನ ಭಯ. ಸದ್ಯಕ್ಕೆ ‘ಶಸ್ತ್ರಚಿಕಿತ್ಸೆ ನಂತರದ ಕೀಮೋ’ ಅಂತ ಬಿಡಿಸಿ ಬರೆದಿದ್ದೇನೆ, ನಿಯೋಅಡ್ಜುವಂಟ್‌ಗೆ ‘ಶಸ್ತ್ರಚಿಕಿತ್ಸೆಗೆ ಮುಂಚಿನ ಕೀಮೋ’. ಉದ್ದ ನಿಜ, ಆದರೆ ಗೊಂದಲವಿಲ್ಲ. ‘ಪೂರಕ’ವನ್ನು ಸಪ್ಲಿಮೆಂಟಿಗೆ ಮಾತ್ರ ಉಳಿಸಿಕೊಳ್ಳೋಣ ಅಂತ ನನ್ನ ಸಲಹೆ.

ಇನ್ನು ‘ರಾಸಾಯನಿಕ ಚಿಕಿತ್ಸೆ’. ಕೀಮೋಥೆರಪಿಗೆ ಈ ಪದ ಬಳಸಿ, ಪಕ್ಕದಲ್ಲೇ ‘ಗಿಡಮೂಲಿಕೆ’ ಅಂತ ಬರೆದರೆ ಒಂದು ವಿಷ, ಇನ್ನೊಂದು ಅಮೃತ ಅನ್ನೋ ಹಾಗೆ ಕೇಳಿಸುತ್ತೆ. ಸ್ತನ ಕ್ಯಾನ್ಸರ್‌ನಲ್ಲಿ ತುಂಬ ಬಳಕೆಯಲ್ಲಿರುವ ಪ್ಯಾಕ್ಲಿಟ್ಯಾಕ್ಸೆಲ್ ಅನ್ನೋ ಕೀಮೋ ಔಷಧಿ ಮೊದಲು ಸಿಕ್ಕಿದ್ದೇ ಅಮೆರಿಕದ ಪೆಸಿಫಿಕ್ ಯೂ ಮರದ ತೊಗಟೆಯಲ್ಲಿ. ಅದರ ರಚನೆಯನ್ನು 1971ರಲ್ಲಿ ಪ್ರಕಟಿಸಿದ ತಂಡದಲ್ಲಿ ಮನ್ರೋ ವಾಲ್ ಜೊತೆ ಇದ್ದವರು ಮಹಾರಾಷ್ಟ್ರದಲ್ಲಿ ಹುಟ್ಟಿದ ಮನ್‌ಸುಖ್ ವಾಣಿ. ಸ್ತನ ಕ್ಯಾನ್ಸರ್‌ಗೆ ಬಳಸಲು ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1994ರಲ್ಲಿ. ವಿನೊರೆಲ್ಬಿನ್ ಅನ್ನೋ ಇನ್ನೊಂದು ಕೀಮೋ ಔಷಧಿ ಬರೋದು ನಮ್ಮ ಅಂಗಳದ ಕಾಶಿಕಣಗಿಲೆಯ ಸತ್ವದಿಂದ. ಪಶ್ಚಿಮ ಘಟ್ಟದ ದುರ್ವಾಸನೆ ಮರದಲ್ಲಿ ಕ್ಯಾನ್ಸರ್ ಕೋಶಗಳನ್ನು ಕೊಲ್ಲುವ ಕ್ಯಾಂಪ್ಟೊಥೆಸಿನ್ ಅನ್ನೋ ವಸ್ತು ಇದೆ, ಆ ಕುಲದ ಔಷಧಿಯನ್ನು ಹೊತ್ತ ಹೊಸ ಇಂಜೆಕ್ಷನ್ನುಗಳನ್ನು ಟ್ರಿಪಲ್ ನೆಗೆಟಿವ್ ಸ್ತನ ಕ್ಯಾನ್ಸರ್‌ಗೆ ಈಗ ಕೊಡುತ್ತಾರೆ. ಅಂದಮೇಲೆ ‘ರಾಸಾಯನಿಕ’ ಅಂತ ಒಂದನ್ನು ಮಾತ್ರ ಕರೆಯೋದು ಸರಿಯೇ? ಆಸ್ಪತ್ರೆಯಲ್ಲಿ ಎಲ್ಲರೂ ‘ಕೀಮೋ’ ಅಂತಲೇ ಅನ್ನೋದು. ಅದೇ ಇರಲಿ ಅನ್ನೋದು ನನ್ನ ಮತ.

ಈಗ ಮುಖ್ಯ ಪ್ರಶ್ನೆ, ಸಿನರ್ಜಿ. ಎರಡು ಔಷಧಿ ಒಟ್ಟಿಗೆ ಕೊಟ್ಟಾಗ ಮೂರು ಥರ ಆಗಬಹುದು. ಎರಡರ ಫಲವೂ ಸುಮ್ನೆ ಕೂಡಿಕೊಂಡರೆ ಅಡಿಟಿವ್. ಕೂಡಿಸಿದ್ದಕ್ಕಿಂತ ಜಾಸ್ತಿ ಬಂದರೆ ಸಿನರ್ಜಿ. ಕಡಿಮೆ ಬಂದರೆ ಆಂಟಗೊನಿಸಂ. ಇದನ್ನು ಅಳೆಯಲು ಚೌ ಮತ್ತು ತಲಾಲೆ 1984ರಲ್ಲಿ ಕೊಟ್ಟ ‘ಕಾಂಬಿನೇಶನ್ ಇಂಡೆಕ್ಸ್’ ಅನ್ನೋ ಲೆಕ್ಕವಿದೆ: 1ಕ್ಕಿಂತ ಕಡಿಮೆ ಬಂದರೆ ಸಿನರ್ಜಿ, 1 ಬಂದರೆ ಬರೀ ಕೂಡಿಕೆ, 1ಕ್ಕಿಂತ ಹೆಚ್ಚು ಬಂದರೆ ವಿರೋಧ. ಪಠ್ಯಗಳಲ್ಲಿ ‘ಸಹಕ್ರಿಯೆ’ ಅನ್ನುವ ಪದ ನೋಡಿದ್ದೇನೆ. ಒಟ್ಟಿಗೆ ಕೆಲಸ ಮಾಡುತ್ತವೆ ಅನ್ನೋದು ಅದರಲ್ಲಿ ಬರುತ್ತೆ, ಮೊತ್ತಕ್ಕಿಂತ ಹೆಚ್ಚು ಅನ್ನೋದು ಬರಲ್ಲ. ‘ಕೂಡುಬಲ’ ಹೇಗೆ? ಅಡಿಟಿವ್‌ಗೆ ‘ಕೂಡಿಕೆ’, ಸಿನರ್ಜಿಗೆ ‘ಮೀರುಕೂಡಿಕೆ’ ಅಂತಲೂ ಯೋಚಿಸಿದೆ, ನಾಲಿಗೆಗೆ ಒಗ್ಗುತ್ತಾ ಗೊತ್ತಿಲ್ಲ. ಆಂಟಗೊನಿಸಂಗೆ ಮಾತ್ರ ನಮ್ಮ ಗಾದೆಯೇ ಸಿದ್ಧವಾಗಿದೆ: ಎತ್ತು ಏರಿಗೆ ಎಳೆದರೆ ಕೋಣ ನೀರಿಗೆ ಎಳೆಯಿತು. ಪದವಾಗಿ ‘ಅಡ್ಡಗಾಲು’ ಇಟ್ಟುಕೊಳ್ಳಬಹುದೇ? "ಈ ಸತ್ವ ಕೀಮೋಗೆ ಅಡ್ಡಗಾಲು ಹಾಕುತ್ತದೆ" ಅಂದರೆ ಯಾರಿಗೂ ವಿವರಿಸಬೇಕಿಲ್ಲ.

ಈ ಮೂರಕ್ಕೂ ಬೇರೆ ಬೇರೆ ಪದ ಬೇಕು ಅಂತ ಹಟ ಹಿಡಿಯೋಕೆ ಕಾರಣವಿದೆ. ಅರಿಶಿನದ ಕರ್ಕ್ಯುಮಿನ್ ಒಂದನ್ನೇ ತೆಗೆದುಕೊಳ್ಳಿ. 2002ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಸ್ತನ ಕ್ಯಾನ್ಸರ್ ಕೋಶಗಳ ಮೇಲೆ, ಇಲಿಗಳ ಮೇಲೆ ಮಾಡಿದ ಪ್ರಯೋಗದಲ್ಲಿ ಅದು ಕೀಮೋ ಔಷಧಿಗಳ ಕೆಲಸಕ್ಕೇ ಅಡ್ಡ ಬಂತು. ಡಾಕ್ಸೊರುಬಿಸಿನ್ ಕೊಟ್ಟಾಗ ಸಾಯಬೇಕಿದ್ದ ಕೋಶಗಳು ಕಡಿಮೆ ಸತ್ತವು. ಇನ್ನೊಂದು ಕಡೆ, 2020ರಲ್ಲಿ ಪ್ರಕಟವಾದ ಅರ್ಮೇನಿಯಾದ ಪ್ರಯೋಗ ನೋಡಿ. ರೋಗ ಮುಂದುವರಿದಿದ್ದ 150 ಮಹಿಳೆಯರನ್ನು ಎರಡು ಗುಂಪು ಮಾಡಿ, ಎಲ್ಲರಿಗೂ 12 ವಾರ ಪ್ಯಾಕ್ಲಿಟ್ಯಾಕ್ಸೆಲ್ ಕೊಟ್ಟರು. ಒಂದು ಗುಂಪಿಗೆ ಜೊತೆಗೆ ಕರ್ಕ್ಯುಮಿನ್, ಇನ್ನೊಂದಕ್ಕೆ ಔಷಧಿಯಿಲ್ಲದ ದ್ರವ. ಗಡ್ಡೆ ಕುಗ್ಗಿದ್ದು ಕರ್ಕ್ಯುಮಿನ್ ಗುಂಪಿನಲ್ಲಿ ನೂರಕ್ಕೆ 51 ಜನರಿಗೆ, ಇನ್ನೊಂದರಲ್ಲಿ 33 ಜನರಿಗೆ. ಒಂದೇ ವಸ್ತು, ಜೊತೆಗಿರುವ ಔಷಧಿ ಬೇರೆ, ಫಲವೂ ಬೇರೆ.

ಇಲ್ಲೇ ಇನ್ನೊಂದು ಮಾತು. ಅರ್ಮೇನಿಯಾದಲ್ಲಿ ಕೊಟ್ಟಿದ್ದು ವಾರಕ್ಕೊಮ್ಮೆ 300 ಮಿಲಿಗ್ರಾಂ ಕರ್ಕ್ಯುಮಿನ್, ಅದೂ ನೇರ ರಕ್ತನಾಳಕ್ಕೆ. ಅದನ್ನು ‘ಅರಿಶಿನ’ ಅಂತ ಬರೆದರೆ ಓದುವವರಿಗೆ ನೆನಪಾಗೋದು ಅರಿಶಿನ ಹಾಲು. ಅರಿಶಿನದ ಪುಡಿಯಲ್ಲಿ ಕರ್ಕ್ಯುಮಿನ್ ಇರೋದೇ ನೂರಕ್ಕೆ ಮೂರು ಪಾಲಿನಷ್ಟು, ಬಾಯಿಂದ ತೆಗೆದುಕೊಂಡರೆ ಅದರಲ್ಲೂ ರಕ್ತಕ್ಕೆ ಸೇರೋದು ತೀರಾ ಕಡಿಮೆ. ಹಾಗಾಗಿ ಪುಡಿಗೆ ಅರಿಶಿನ, ಬೇರ್ಪಡಿಸಿದ ವಸ್ತುವಿಗೆ ಕರ್ಕ್ಯುಮಿನ್, ನಡುವಿನದ್ದಕ್ಕೆ ‘ಅರಿಶಿನದ ಸಾರ’ ಅಂತ ಗೆರೆ ಎಳೆದಿದ್ದೇನೆ. ‘ಸಾರ’ ಮತ್ತು ‘ಸತ್ವ’ ಬೇರೆ ಬೇರೆ ಅಂತ ನಿಮಗೂ ಅನ್ನಿಸುತ್ತಾ?

ಕೊನೆಯದು ಬಯೋಎನ್‌ಹ್ಯಾನ್ಸರ್, ಅಂದರೆ ಇನ್ನೊಂದು ವಸ್ತು ಮೈಗೆ ಹೆಚ್ಚು ಸೇರುವಂತೆ ಮಾಡುವ ವಸ್ತು. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 1998ರಲ್ಲಿ ತೋರಿಸಿದ ಹಾಗೆ, ಮೆಣಸಿನ ಪೈಪರಿನ್ ಜೊತೆ ಕೊಟ್ಟರೆ ಕರ್ಕ್ಯುಮಿನ್ ಮೈಗೆ ಸೇರುವ ಪ್ರಮಾಣ ಮನುಷ್ಯರಲ್ಲಿ ಶೇ. 2000ದಷ್ಟು ಏರಿತು. ಇದಕ್ಕೆ ಆಯುರ್ವೇದದ ‘ಯೋಗವಾಹಿ’ (ಜೊತೆಗಿರುವ ಔಷಧಿಯ ಗುಣವನ್ನು ಹೆಚ್ಚಿಸುವಂಥದ್ದು) ಸರಿಹೊಂದುತ್ತೆ ಅಂತ ಗೆಳೆಯರೊಬ್ಬರು ಹೇಳಿದರು. ಚಂದದ ಪದ. ಆದರೆ ಯೋಗವಾಹಿ ಅಂದಾಗ ಬರೀ ಉಪಕಾರ ಕಾಣುತ್ತೆ. ಪೈಪರಿನ್ ಮಾಡೋದು ಯಕೃತ್ತು ಮತ್ತು ಕರುಳು ಔಷಧಿಗಳನ್ನು ಒಡೆದು ಹೊರಹಾಕುವ ಕೆಲಸವನ್ನು ತಡೆಯೋದು, ಬೇರೆ ಔಷಧಿಗಳ ಮಟ್ಟವೂ ಅದರಿಂದ ಏರುಪೇರಾಗಬಹುದು. ನೆದರ್‌ಲ್ಯಾಂಡ್ಸ್‌ನಲ್ಲಿ 2019ರ ಒಂದು ಸಣ್ಣ ಅಧ್ಯಯನದಲ್ಲಿ ಕರ್ಕ್ಯುಮಿನ್ ಮತ್ತು ಪೈಪರಿನ್ ಒಟ್ಟಿಗೆ ತೆಗೆದುಕೊಂಡವರಲ್ಲಿ ಎಂಡಾಕ್ಸಿಫೆನ್ ಸುಮಾರು ಶೇ. 12ರಷ್ಟು ಇಳಿಯಿತು. ಟಮಾಕ್ಸಿಫೆನ್ ಮಾತ್ರೆ ನುಂಗಿದ ಮೇಲೆ ದೇಹದಲ್ಲಿ ನಿಜವಾಗಿ ಕೆಲಸ ಮಾಡೋದು ಈ ಎಂಡಾಕ್ಸಿಫೆನ್. (ಟಮಾಕ್ಸಿಫೆನ್ ಹಾರ್ಮೋನು ಚಿಕಿತ್ಸೆ, ಕೀಮೋ ಅಲ್ಲ. ಆದರೂ ಕೈಪಿಡಿಯಲ್ಲಿ ಇದನ್ನು ಹೇಳಲೇಬೇಕು, ಯಾಕೆಂದರೆ ಆ ಮಾತ್ರೆಯನ್ನು ವರ್ಷಗಟ್ಟಲೆ ನುಂಗುವವರು ಎಷ್ಟೋ ಜನ.)

‘ಯೋಗವಾಹಿ’ ಬೇಡವಾದರೆ ‘ಹೀರಿಕೆ ಹೆಚ್ಚಿಸುವ ವಸ್ತು’ ಅನ್ನಬಹುದು, ಮೊಂಡಾಗಿದೆ ಅನ್ನಿಸುತ್ತೆ. ಕೀಮೋಗೆ ಕೋಶಗಳು ಬೇಗ ಬಗ್ಗುವಂತೆ ಮಾಡುವ ವಸ್ತುಗಳಿಗೆ, ಅಂದರೆ ಕೀಮೋಸೆನ್ಸಿಟೈಸರ್‌ಗಳಿಗೆ, ‘ಒತ್ತಾಸೆ’ ಹೊಂದುತ್ತಾ? ನಮ್ಮ ಕಡೆ ಒತ್ತಾಸೆ ಅಂದ್ರೆ ಬೆನ್ನಿಗೆ ನಿಲ್ಲೋದು. ಧಾರವಾಡ, ಕಲಬುರಗಿ, ಕರಾವಳಿ ಕಡೆಯವರು ಅದನ್ನು ಹೇಗೆ ಬಳಸ್ತೀರಿ ಅಂತ ತಿಳಿಸಿ, ‘ಒತ್ತಾಯ’ದ ಛಾಯೆ ಅಲ್ಲಿ ಇದ್ದರೆ ನಾನು ಅದನ್ನು ಕೈಬಿಡಬೇಕು. ಆಸ್ಪತ್ರೆಗಳಲ್ಲಿ ಕೆಲಸ ಮಾಡುವ ನರ್ಸುಗಳು, ಔಷಧಿ ಅಂಗಡಿಯವರು ಇಲ್ಲಿದ್ದರೆ, ರೋಗಿಗಳೇ ಬಾಯಲ್ಲಿ ಬಳಸುವ ಪದ ಇದ್ದರೂ ಬರೆಯಿರಿ. ನಾವು ಕಟ್ಟಿದ ಪದಕ್ಕಿಂತ ಅದನ್ನೇ ಮೊದಲು ತೆಗೆದುಕೊಳ್ಳುತ್ತೇನೆ.