ಸಹಾಯ ಬೇಕು: ಆಲಮಟ್ಟಿ ಒಳಗಿನ ಭೇಟಿಗೆ ಅನುಮತಿ ಯಾರ ಹತ್ತಿರ ಕೇಳಬೇಕು?

ಎಲ್ಲರಿಗೂ ನಮಸ್ಕಾರ. ಬಾಗಲಕೋಟೆಯಲ್ಲಿ ನಮ್ಮ ಇಂಜಿನಿಯರುಗಳ ಸಂಘದ ಸ್ಥಳೀಯ ಶಾಖೆಯ ಕಾರ್ಯಕ್ರಮಗಳನ್ನು ಈ ವರ್ಷ ನಾನು ನೋಡಿಕೊಳ್ಳುತ್ತಿದ್ದೇನೆ. ಸೆಪ್ಟೆಂಬರ್ 15ರ ಇಂಜಿನಿಯರುಗಳ ದಿನಕ್ಕೆ ಪ್ರತಿ ಸಲ ಅದೇ ಕಥೆ: ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ಎರಡು ಭಾಷಣ, ಉಪ್ಪಿಟ್ಟು. (ಉಪ್ಪಿಟ್ಟು ಚೆನ್ನಾಗಿಯೇ ಇರುತ್ತದೆ ಅನ್ನಿ.) ಈ ಸಲ ಸದಸ್ಯರ ಜೊತೆ ಕಾಲೇಜು ಹುಡುಗ ಹುಡುಗಿಯರನ್ನೂ ಆಲಮಟ್ಟಿಗೆ ಕರೆದುಕೊಂಡು ಹೋಗಬೇಕು ಅಂತಿದ್ದೇವೆ.

ಉದ್ಯಾನ ನೋಡೋಕಲ್ಲ, ಅದಕ್ಕೆ ಟಿಕೆಟ್ ಸಾಕು. ನಮಗೆ ಬೇಕಾಗಿರುವುದು 26 ಗೇಟುಗಳನ್ನು ಎತ್ತುವ ವ್ಯವಸ್ಥೆ, ಅಣೆಕಟ್ಟಿನ ಒಳಗಿನ ಗ್ಯಾಲರಿ (ತಪಾಸಣೆಗೆ ಓಡಾಡುವ ಸುರಂಗದಂಥ ದಾರಿ), ಸೋರಿಕೆ ಅಳೆಯುವ ವಿಧಾನ. ಆಮೇಲೆ 290 ಮೆಗಾವ್ಯಾಟಿನ ವಿದ್ಯುದಾಗಾರ: 55ರ ಐದು ಘಟಕ, 15ರದು ಒಂದು. ನೀರು ಜಾಸ್ತಿ ಇರುವಾಗಲೇ ಹೋಗಬೇಕು. ಬೇಸಿಗೆಯಲ್ಲಿ ನಿಂತ ಟರ್ಬೈನ್ ನೋಡಿ ಏನು ಮಾಡೋದು, ಅಲ್ವಾ?

ತೊಡಕು ಇಲ್ಲಿದೆ. ಅಣೆಕಟ್ಟು ಕೃಷ್ಣಾ ಭಾಗ್ಯ ಜಲ ನಿಗಮದ್ದು, ವಿದ್ಯುದಾಗಾರ ಕರ್ನಾಟಕ ವಿದ್ಯುತ್ ನಿಗಮದ್ದು. ನಿವೃತ್ತ ಇಂಜಿನಿಯರೊಬ್ಬರನ್ನು ಕೇಳಿದೆ, ಒಂದೇ ಪತ್ರ ಸಾಕು ಅಂದರು. ಹಿಂದೆ ಹೋಗಿ ಬಂದ ಉಪನ್ಯಾಸಕರೊಬ್ಬರು ಎರಡೂ ಕಡೆ ಬೇರೆ ಬೇರೆ ಕೊಡಿ, ಪತ್ರ ಕಾಲೇಜಿನ ಲೆಟರ್‌ಹೆಡ್‌ನಲ್ಲೇ ಇರಲಿ ಅಂದರು. ಸಂಘದ ಲೆಟರ್‌ಹೆಡ್ ಆಗಲ್ವಾ ಅಂದರೆ ಖಚಿತ ಉತ್ತರ ಇಲ್ಲ.

ಇತ್ತೀಚೆಗೆ ತಂಡ ಕರೆದುಕೊಂಡು ಒಳಗೆ ಹೋಗಿ ಬಂದವರು ದಯವಿಟ್ಟು ಹೇಳಿ: ಪತ್ರ ಒಂದೇ ಸಾಕಾ, ಎರಡು ಬೇಕಾ? ಯಾವ ಅಧಿಕಾರಿಯ ಹೆಸರಿಗೆ? ಸಂಘದ ಲೆಟರ್‌ಹೆಡ್ ನಡೆಯುತ್ತಾ?